ಅಪ್ಪನ ಚುಟುಕುಗಳನ್ನು ಬಾಯಲ್ಲಿ ಇಟ್ಟುಕೊಂಡವರಿಗೆ

ಕಳೆದ ಭಾನುವಾರ ಬಾಗಲಕೋಟೆಯ ನವನಗರದಲ್ಲಿ ಅಪ್ಪನ ಮೊದಲ ಚುಟುಕು ಸಂಕಲನ ಬಿಡುಗಡೆ ಆಯಿತು. ಬಂದವರಿಗೂ, ಬರಲಾಗದೆ ಫೋನ್ ಮಾಡಿದವರಿಗೂ ನಮ್ಮ ಮನೆಯವರೆಲ್ಲರ ನಮಸ್ಕಾರ. ಈ ಪುಸ್ತಕದ ಹೆಚ್ಚಿನ ಚುಟುಕುಗಳು ಸಿಕ್ಕಿದ್ದು ನಿಮ್ಮ ಬಾಯಿಂದ. ಅದನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕು ಅನ್ನಿಸಿತು.

ಅಪ್ಪ ಟೇಲರ್. ಹಳೇ ಬಾಗಲಕೋಟೆಯಲ್ಲಿ ಅಂಗಡಿ ಇತ್ತು. ಗುಳೇದಗುಡ್ಡದ ಖಣ ತಂದು ಕುಬಸ ಹೊಲಿಸುವವರೇ ಜಾಸ್ತಿ. ಅಳತೆ ಪುಸ್ತಕದ ಎಡಪುಟದಲ್ಲಿ ಎದೆ, ತೋಳು, ಉದ್ದ. ಬಲಪುಟದಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ಚುಟುಕು. ಚುಟುಕು ಕವಿ ದಿನಕರ ದೇಸಾಯಿಯವರೇ (1909–1982) ಅಪ್ಪನಿಗೆ ಗುರು. ಅಂಕೋಲೆ ಕಡೆಯ ದೇಸಾಯಿಯವರು ರೈತರನ್ನು ಸಂಘಟಿಸಿದವರು, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಶಾಲೆಗಳನ್ನು ತೆರೆದವರು, 1967ರಲ್ಲಿ ಲೋಕಸಭೆಗೂ ಆರಿಸಿ ಹೋದವರು. "ಅಷ್ಟು ಕೆಲಸದಾಗ ಅವರು ಚುಟುಕ ಬರದ್ರು. ನನಗೇನು, ಗುಂಡಿ ಹಚ್ಚೂದ್ರಾಗ ಒಂದು ಬರೀಬಹುದು" ಅನ್ನುತ್ತಿದ್ದರು ಅಪ್ಪ. ನಾಲ್ಕೇ ಸಾಲು, ಎರಡೆರಡು ಸಾಲಿಗೆ ಒಂದು ಪ್ರಾಸ.

ಅಂಗಿ ಬಿಗಿಯಾತಂತ ಬೈಬ್ಯಾಡ ಗೌಡಾ,
ಅಳತಿ ಪಟ್ಟಿ ಸುಳ್ಳು ಹೇಳೂದಿಲ್ಲ ನೋಡಾ.
ಹಬ್ಬಕ್ಕ ಮೊದಲು ನಾ ಹಿಡಿದಿದ್ದೆ ಅಳತಿ,
ಹಬ್ಬದಾಗ ಹೋಳಿಗಿ ಎಷ್ಟು ತಿಂದಿ, ಮರತಿ!

ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂತು ಅಂತ ಮನೆ, ಅಂಗಡಿ ಬಿಟ್ಟು ನವನಗರಕ್ಕೆ ಬರುವಾಗ ಆ ಪುಸ್ತಕಗಳ ಗಂಟು ಕಳೆದುಹೋಯಿತು. ಹೋದ ವರ್ಷ ಅಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ ಏಳಲಿಲ್ಲ, ಮಾತು ನಿಂತಿತು.

ಆಗ ನೋಡಲು ಬಂದವರು ಖಣದ ವ್ಯಾಪಾರಿ ಕಾಕಾ. ಮಂಚದ ತುದಿಗೆ ಕೂತು, ಸುಮ್ನೆ, ಈ ಚುಟುಕನ್ನೇ ಶುರು ಮಾಡಿದರು. ಮೂರು ಸಾಲು ಹೇಳಿ ನಾಲ್ಕನೆಯದಕ್ಕೆ ತಡವರಿಸಿದರು. ಅಪ್ಪನ ತುಟಿ ಅಲುಗಿತು. "ಮರತಿ" ಅಂದರು. ಆಸ್ಪತ್ರೆಯಿಂದ ಬಂದ ಮೇಲೆ ನಮಗೆ ಬಿಡಿಸಿ ಕೇಳಿಸಿದ ಮೊದಲ ಮಾತು ಅದು. ಅಮ್ಮ ಒಳಗೆ ಹೋಗಿ ಅತ್ತರು.

ಕಾಕಾ ಊರಿಗೆಲ್ಲ ಹೇಳಿದರು. ಆಮೇಲೆ ಸಂಜೆಯಾದರೆ ಯಾರಾದರೂ ಬರುತ್ತಿದ್ದರು, ನೆನಪಿದ್ದದ್ದನ್ನು ಹೇಳುತ್ತಿದ್ದರು. ಹೋಳಿಯಲ್ಲಿ ಬಣ್ಣದ ಬಂಡಿ ಮೇಲೆ ನಿಂತು ಅಪ್ಪನ ಚುಟುಕು ಕೂಗುತ್ತಿದ್ದ ಹುಡುಗರು, ಈಗ ಅವರಿಗೇ ಮಕ್ಕಳಿದ್ದಾರೆ, ಹಲಗಿ ಸಮೇತ ಬಂದರು. ಪಕ್ಕದ ಸೆಕ್ಟರಿನ ಮಾಸ್ತರು ಎಲ್ಲವನ್ನೂ ಬರೆದುಕೊಂಡರು. ಮಾತು ಕಲಿಸಲು ಬರುತ್ತಿದ್ದ ಮೇಡಂ ಪಾಠ ಬಿಟ್ಟು ಚುಟುಕನ್ನೇ ಹೇಳಿಸಿದರು. ಪ್ರೆಸ್ಸಿನವರು ಕಾಗದದ ದುಡ್ಡಷ್ಟೇ ತಗೊಂಡರು.

ಚುಟುಕು ಅಂದರೆ ಹಗುರ ಸಾಹಿತ್ಯ ಅಂತ ಬದಿಗೆ ಸರಿಸುವವರಿದ್ದಾರೆ. ನನಗೆ ಆ ಮಾತು ಇನ್ನು ಒಪ್ಪಿಗೆಯಾಗುವುದಿಲ್ಲ. ಕಾಗದ ಹೋದ ಮೇಲೂ ಇಷ್ಟು ವರ್ಷ ನಿಮ್ಮ ನಾಲಿಗೆ ಮೇಲೆ ಉಳಿದಿತ್ತಲ್ವಾ?

ಇನ್ನೂ ಯಾರಿಗಾದರೂ ಅಪ್ಪನ ಚುಟುಕು ನೆನಪಿದ್ದರೆ ಮನೆಗೆ ಬನ್ನಿ, ಎರಡನೇ ಮುದ್ರಣಕ್ಕೆ ಸೇರಿಸುತ್ತೇವೆ. ಒಂದು ಪದ ಆಚೀಚೆ ಆಗಿದ್ದರೂ ಪರವಾಗಿಲ್ಲ. ಅಪ್ಪ ತಿದ್ದುತ್ತಾರೆ.