ನಿಂತ ಗೆರೆ, ಮಲಗಿದ ಗೆರೆ

ಮಾರಾಯ,

ಶಿವಮೊಗ್ಗದಲ್ಲಿ ಮೂರು ದಿನದಿಂದ ಬಿಡದೆ ಮಳೆ. ಕರೆಂಟು ಬಂದಾಗ ಸ್ಕ್ಯಾನ್ ಮಾಡೋದು, ಹೋದಾಗ ಮೇಣದಬತ್ತಿ ಹಚ್ಚಿ ಅಂಕಪಟ್ಟಿ ಜೋಡಿಸೋದು. ಹಸಿರು ಫೈಲು ಇನ್ನೂ ಇದೆ. ಶಂಕರಘಟ್ಟದ ಹಾಸ್ಟೆಲಿನಲ್ಲಿ ಇಲಿಗೆ ಸಿಕ್ಕಿತ್ತಲ್ಲ, ಅದೇ.

ಸರ್ಕಾರಿ ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಅರ್ಜಿಗೆ ಲೆಕ್ಕ ಬಂದರೆ ಸಾಕು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದ ಕೋಷ್ಟಕವನ್ನು ಮುಂದಿಟ್ಟುಕೊಂಡು ಕೂತರಾಯ್ತು: ಪಿಎಚ್.ಡಿ.ಗೆ 30, ಫೆಲೋಶಿಪ್ ಇಲ್ಲದೆ ಬರೀ ನೆಟ್ ಅನ್ನೋ ಅರ್ಹತಾ ಪರೀಕ್ಷೆ ಪಾಸಾಗಿದ್ದರೆ 5, ಪ್ರಬಂಧವೊಂದಕ್ಕೆ 2, ಪಾಠ ಮಾಡಿದ ವರ್ಷಕ್ಕೆ 2. ವರ್ಷಕ್ಕಿಂತ ಕಡಿಮೆ ಪಾಠ ಮಾಡಿದ್ದರೆ ಅಂಕವೂ ಅಷ್ಟೇ ಇಳಿಯುತ್ತೆ. ಅತಿಥಿ ಉಪನ್ಯಾಸಕನ ವರ್ಷ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತೆ ಅಂತ ನಿನಗೆ ಹೇಳಬೇಕಾ! ಇಷ್ಟಾಗಿ ಈ ಅಂಕವೆಲ್ಲ ಸಂದರ್ಶನದ ಬಾಗಿಲ ತನಕ ಮಾತ್ರ. ನಿಯಮದ ಪ್ರಕಾರ ಆಯ್ಕೆಗೆ ಸಂದರ್ಶನವೇ ಆಧಾರ.

ನನ್ನನ್ನು ಕೂರಿಸಿಬಿಟ್ಟಿದ್ದು ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯವೊಂದರ ಅರ್ಜಿ. ಅಲ್ಲಿ ಅಂಕ ಕೇಳೋದಿಲ್ಲ, ಕತೆ ಕೇಳ್ತಾರೆ. ಕವರ್ ಲೆಟರ್, ರಿಸರ್ಚ್ ಸ್ಟೇಟ್‌ಮೆಂಟ್, ಟೀಚಿಂಗ್ ಸ್ಟೇಟ್‌ಮೆಂಟ್, ಬರವಣಿಗೆಯ ಮಾದರಿ, ಮೂವರು ಹಿರಿಯರ ಪತ್ರ. ಪಾಠದ ಬಗ್ಗೆ ಒಂದು ಸಂಜೆಯಲ್ಲಿ ಬರೆದು ಮುಗಿಸಿದೆ, ಅದರಲ್ಲಿ ನನಗೆ ಸಂಕೋಚ ಇಲ್ಲ. ಸಂಶೋಧನೆ ಅಂತ ಬಂದಾಗ ಇಂಗ್ಲಿಷಿನಲ್ಲಿ ಪ್ರತಿ ಸಾಲಿಗೂ 'ನಾನು' ಬೇಕು. ನಮ್ಮ ಪ್ರಬಂಧಗಳಲ್ಲಿ 'ಪರಿಶೀಲಿಸಲಾಗಿದೆ', 'ಓದಲಾಗಿದೆ' ಅಂದುಬಿಟ್ಟರೆ ಯಾರು ಓದಿದ್ದು ಅಂತ ಯಾರೂ ಕೇಳೋದಿಲ್ಲ. ಇಲ್ಲಿ 'ಸಾಗರ ಸೀಮೆಯ ಅಡಿಕೆ ಲೆಕ್ಕದ ಕಡತಗಳನ್ನು ನಾನು ಓದಿದೆ' ಅಂತ ಬರೆದೆ. ಮುಂದಿನ ಸಾಲು ಬರಲಿಲ್ಲ.

ಅದನ್ನು ಓದಿದ್ದು ಅಜ್ಜ.

ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲಪುಡಿ ಬಳಿದು, ಒಣಗಿಸಿ, ಮಡಿಕೆ ಹಾಕಿ, ಬಳಪದಲ್ಲಿ ಬರೆದ ಕಡತ. ಅವರ ಮನೆ ಅಟ್ಟದಿಂದ ನೀನೇ ಏಣಿ ಹಿಡಿದು ಇಳಿಸಿದ್ದು. ಎಂ.ಎ. ಮುಗಿಸಿದವನು ನಾನು, ಅಂಕಿಗಳ ಪಕ್ಕದ ನಿಂತ ಗೆರೆಗಳನ್ನು ವಾಕ್ಯದ ಕೊನೆಯ ದಂಡ ಅಂದ್ಕೊಂಡಿದ್ದೆ. ಜಗಲಿ ಮೇಲೆ ಕೂತು ಅಜ್ಜ ಬೆರಳಿಟ್ಟು ತೋರಿಸಿದರು: "ನಿಂತ ಗೆರೆ ನಾಲ್ಕಾಣೆ, ಮಲಗಿದ್ದು ಒಂದಾಣೆ. ಎರಡು ನಿಂತು ಮೂರು ಮಲಗಿದರೆ?" ಹನ್ನೊಂದು ಅಂತ ಹೇಳೋಕೆ ನನಗೆ ಎಷ್ಟು ಹೊತ್ತು ಬೇಕಾಯ್ತು, ನೀನು ಬಲ್ಲೆ. ನನ್ನ ಥೀಸಿಸ್ಸಿನ ಮೂರನೇ ಅಧ್ಯಾಯ ಪೂರ್ತಿ ಆ ಗೆರೆಗಳ ಮೇಲೆ ನಿಂತಿದೆ. ಅಚ್ಚಾದ ಪ್ರಬಂಧದಲ್ಲಿ ಅಜ್ಜನ ಹೆಸರಿಲ್ಲ. ಅಡಿಟಿಪ್ಪಣಿಯಲ್ಲಿ 'ಖಾಸಗಿ ಸಂಗ್ರಹ' ಅಂತಿದೆ. ಹೆಸರು ಬಿಡು ಅಂತ ಯಾರೂ ಹೇಳಿರಲಿಲ್ಲ. ಊರಿನ ಒಬ್ಬ ಅಜ್ಜ ಕಲಿಸಿದ್ದು ಅಂದರೆ ನನ್ನ ಓದು ಹಗುರವಾಗಿ ಕಂಡೀತು ಅಂತ ನಾನೇ ಹೆದರಿದೆ.

ಇಷ್ಟೇ ಆಗಿದ್ದರೆ ತಿದ್ದಬಹುದಿತ್ತು. ಹೋದ ಯುಗಾದಿಗೆ ಅವರ ಮನೆಗೆ ಹೋಗಿದ್ದೆ. "ಅಚ್ಚಾಯ್ತೇನೋ? ಕನ್ನಡಕ ಹೊಸದು ಮಾಡಿಸಿದೀನಿ" ಅಂದರು. ಪ್ರತಿ ನನ್ನ ಚೀಲದಲ್ಲೇ ಇತ್ತು. ಇನ್ನೂ ಇಲ್ಲ ಅಜ್ಜ, ತಡ ಆಗ್ತಿದೆ ಅಂದೆ. ಅವರು ನನಗೆ ಸಮಾಧಾನ ಹೇಳಿದರು.

ಇದನ್ನು ನಿನಗೊಬ್ಬನಿಗೇ ಬರೆದರೆ ನೀನೂ ಸಮಾಧಾನ ಹೇಳಿ ಮುಗಿಸ್ತೀಯ. ಅದಕ್ಕೇ ನಾಲ್ಕು ಜನರ ಎದುರು ಇಡ್ತಿದ್ದೇನೆ.

ಸ್ಟೇಟ್‌ಮೆಂಟಿನ ಮೊದಲ ಪ್ಯಾರಾ ಅಳಿಸಿ ಬೇರೆ ಬರೆದಿದ್ದೇನೆ. ಈಗ ಅದು ಜಗಲಿಯಿಂದ ಶುರುವಾಗುತ್ತೆ, ಅಜ್ಜನ ಪೂರ್ತಿ ಹೆಸರೂ ಇದೆ. ಇಂಗ್ಲಿಷು ನೋಡಿ ಕೊಡು, ನಾಡಿದ್ದು ಸಂಜೆ ಐದಕ್ಕೆ ಕೊನೆ. ಭಾನುವಾರ ಪ್ರಬಂಧದ ಪ್ರತಿ ಹಿಡ್ಕೊಂಡು ಸಾಗರದ ಬಸ್ಸು ಹತ್ತುತ್ತೇನೆ, ಮಳೆ ಹೊಳವಾದರೂ ಆಗದಿದ್ದರೂ. ಆಚೆ ತಿಂಗಳು ನೀನು ಬಂದಾಗ ಇಬ್ಬರೂ ಮತ್ತೆ ಹೋಗೋಣ. ತೊಡದೇವು ಎಷ್ಟು ತಿಂದೆ ಅಂತ ಈ ಸಲ ನಾನೇ ಎಣಿಸ್ತೇನೆ, ನಿಂತ ಗೆರೆ ಹಾಕಿ.

ನಿನ್ನ,
ಏಣಿ ಹಿಡಿಯದವನು