‘ಅರಿಯಿಲ್ಲ’ ಅಂದುಬಿಟ್ಟೆ: ಮಂಜೇಶ್ವರದ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಪೈವಳಿಕೆ ಕಡೆಯ ಅಡಿಕೆ ಕೃಷಿಕ. ತೋಟದ ಗಡಿಯ ತಕರಾರಿನಲ್ಲಿ ನೆರೆಯವರೊಬ್ಬರು ನನ್ನ ಮೇಲೆ ಹಲ್ಲೆ ಕೇಸು ಹಾಕಿದರು. ಕತ್ತಿ ಬೀಸಿದೆ, ಹೊಡೆದೆ ಅಂತ ದೂರು. ಅವರು ಹೇಳಿದ ಆ ಸಂಜೆ ನಾನು ಊರಲ್ಲೇ ಇರಲಿಲ್ಲ. ಅಮ್ಮನನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಿ, ರಾತ್ರಿ ಅಲ್ಲೇ ಬೆಂಚಿನ ಮೇಲೆ ಮಲಗಿದ್ದೆ. ಕೊನೆಗೆ ಕೋರ್ಟು ನನ್ನನ್ನು ಖುಲಾಸೆ ಮಾಡಿತು. ದೂರು ಕೊಟ್ಟವರ ಮೇಲಿನ ಸಿಟ್ಟು ಈಗ ಇಳಿದಿದೆ. ಆ ದೂರು ಸುಳ್ಳು ಅಂತ ಹೇಳಲು ಪಟ್ಟ ಪಾಡು ಮಾತ್ರ ಮರೆಯಲು ಆಗುತ್ತಿಲ್ಲ.

ಎಫ್‌ಐಆರ್, ಸಾಕ್ಷಿಗಳ ಹೇಳಿಕೆ, ಚಾರ್ಜ್‌ಶೀಟು ಎಲ್ಲ ಮಲಯಾಳದಲ್ಲಿ. ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ. ಪೇಟೆಯಲ್ಲಿ ವ್ಯಾಪಾರ ಮಾಡುವಷ್ಟು ಮಲಯಾಳ ಬರುತ್ತದೆ, ಓದಲು ಬರುವುದಿಲ್ಲ. ಹತ್ತನೇ ಕ್ಲಾಸಿನ ನನ್ನ ತಂಗಿಯ ಮಗಳು ಜಗಲಿಯಲ್ಲಿ ಕೂತು ಓದಿ ಹೇಳಿದಳು. ನಾನು ಬೈದೆ ಅಂತ ಬರೆದಿದ್ದ ಕೆಟ್ಟ ಮಾತುಗಳು ಬಂದಾಗ ಅವಳ ಬೆರಳು ನಿಂತಿತು. ‘ಇದನ್ನು ನಾನು ಓದುದಿಲ್ಲ ಮಾವ’ ಅಂದಳು. ಆ ಮಗುವಿನ ಮುಖ ನೋಡಲು ನನಗೆ ಆಗಲಿಲ್ಲ.

ಸಾಕ್ಷಿಗಳ ವಿಚಾರಣೆ ಮುಗಿದ ಮೇಲೆ ನ್ಯಾಯಾಧೀಶರು ಆರೋಪಿಯನ್ನೇ ನೇರವಾಗಿ ಪ್ರಶ್ನೆ ಕೇಳುತ್ತಾರೆ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) ಅದು 313ನೇ ಸೆಕ್ಷನ್, ಅದರ ಬದಲು ಬಂದ ಹೊಸ ಕಾನೂನಿನಲ್ಲಿ 351. ನೀವು ಕತ್ತಿ ಬೀಸಿದ್ದನ್ನು ಕಂಡೆ ಅಂತ ಸಾಕ್ಷಿ ಹೇಳಿದ್ದಾರೆ, ಏನು ಹೇಳುತ್ತೀರಿ ಅಂತ ಮಲಯಾಳದಲ್ಲಿ ಕೇಳಿದರು. ಅಂಥದ್ದು ನಡೆದೇ ಇಲ್ಲ, ನಾನು ಅಲ್ಲಿರಲಿಲ್ಲ ಅನ್ನಬೇಕಿತ್ತು. ಗಾಬರಿಯಲ್ಲಿ ಬಾಯಿಗೆ ಬಂದದ್ದು ‘ಅರಿಯಿಲ್ಲ’. ಗೊತ್ತಿಲ್ಲ ಅಂದ ಹಾಗಾಯಿತು. ಎರಡಕ್ಕೂ ಎಷ್ಟು ವ್ಯತ್ಯಾಸ, ಅಲ್ವಾ? ಪುಣ್ಯಕ್ಕೆ ನನ್ನ ವಕೀಲರಿಗೆ ಕನ್ನಡ ಬರುತ್ತಿತ್ತು. ಎದ್ದು ನಿಂತು, ಇವರಿಗೆ ಕನ್ನಡದಲ್ಲಿ ಕೇಳಬೇಕು ಅಂತ ವಿನಂತಿಸಿದರು. ಆಮೇಲೆ ಆಸ್ಪತ್ರೆಯ ವಿಷಯ ಒಂದೂ ಬಿಡದೆ ಹೇಳಿದೆ. ಕನ್ನಡ ಬಾರದ ವಕೀಲರು ಸಿಕ್ಕಿದವರ ಗತಿ ಏನು?

ಕಾನೂನಿನಲ್ಲಿ ದಾರಿ ಇದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 314ನೇ ಸೆಕ್ಷನ್ ಪ್ರಕಾರ, ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷಿ ಹೇಳಿದರೆ ಅದನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಅಲ್ಲೇ ವಿವರಿಸಬೇಕು. ಆರೋಪಿಯ ಉತ್ತರ ಬರೆದುಕೊಂಡ ಮೇಲೆ ಅದನ್ನೂ ಅವನಿಗೆ ತಿಳಿಯುವ ಹಾಗೆ ಹೇಳಬೇಕು ಅಂತ 316 ಹೇಳುತ್ತದೆ. ಆದರೆ ಹೇಳುವವರು ಬೇಕಲ್ಲ? ನನ್ನ ಕೇಸಿನಲ್ಲಿ ವಕೀಲರೇ ದುಭಾಷಿಯೂ ಆಗಬೇಕಾಯಿತು.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಹಳೆಯ ವಿವಾದವನ್ನು ಇಲ್ಲಿ ಎತ್ತುವುದಿಲ್ಲ. ನಾನು ಕೇಳುವುದು ಎರಡೇ. ಕನ್ನಡ ಮಾತ್ರ ಓದಬಲ್ಲ ಆರೋಪಿಗೆ ಚಾರ್ಜ್‌ಶೀಟಿನ ಜೊತೆ ಕನ್ನಡ ಅನುವಾದ ಸಿಗಲಿ. ಈ ಭಾಗದ ಕೋರ್ಟುಗಳಲ್ಲಿ ಕನ್ನಡ, ತುಳು ಬಲ್ಲ ದುಭಾಷಿ ಕಾಯಂ ಇರಲಿ.

2021ರಲ್ಲಿ ಮಂಜೇಶ್ವರದ ಶಾಸಕರು ವಿಧಾನಸಭೆಯಲ್ಲಿ ಕನ್ನಡದಲ್ಲೇ ಪ್ರಮಾಣವಚನ ತೆಗೆದುಕೊಂಡದ್ದು ಕೇಳಿ ನಮ್ಮ ಮನೆಯಲ್ಲಿ ಎಲ್ಲರಿಗೂ ಖುಷಿಯಾಗಿತ್ತು. ಅದೇ ಸಭೆಯಲ್ಲಿ ಈ ವಿಷಯ ಎತ್ತಿ, ಕಾನೂನು ಸಚಿವರಿಂದ ಉತ್ತರ ತರಿಸಿ. ನನ್ನ ಕೇಸಿನ ಕಾಗದಗಳೆಲ್ಲ ಒಂದು ಫೈಲಿನಲ್ಲಿವೆ. ಬೇಕಾದರೆ ಹೇಳಿ, ನೀವು ಕರೆದಲ್ಲಿಗೆ ತರುತ್ತೇನೆ.

ಇತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ