ಕೋಳಿ ಸಾರು ಬಿಡಬೇಡ ಮಾರಾಯ

ಪ್ರೀತಿಯ ಗೆಳೆಯಾ,

ಕೊಲೆಸ್ಟ್ರಾಲ್ ಜಾಸ್ತಿ ಬಂದಿದೆ, ಇನ್ನು ಮೇಲೆ ಕೋಳಿ ಮುಟ್ಟಲ್ಲ ಅಂತ ಬರೆದಿದ್ದೀಯಲ್ಲ, ಓದಿ ಬೇಜಾರಾಯಿತು. ರಿಪೋರ್ಟ್ ನೋಡಿದರೆ ಯಾರಿಗಾದರೂ ಭಯ ಆಗುತ್ತದೆ. ಆದರೆ ನೀನು ವಾರಕ್ಕೆ ಮೂರು ದಿನ ತಿನ್ನುತ್ತಿದ್ದದ್ದು ಎಣ್ಣೆಯಲ್ಲಿ ಕರಿದ ಕಬಾಬು, ಜೊತೆಗೆ ಪರೋಟ. ಅದನ್ನು ಬಿಡು. ಮನೆ ಸಾರು ಏನು ತಪ್ಪು ಮಾಡಿತು? ಮುಂದಿನ ಸಲ ಹೋದಾಗ ಡಾಕ್ಟರನ್ನೇ ಕೇಳು.

ಅಪ್ಪನಿಗೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ ಮೇಲೆ ಅಮ್ಮ ಸಾರು ಮಾಡುವ ರೀತಿಯನ್ನೇ ಬದಲಾಯಿಸಿದಳು. ನಾನು ಕಲಿತದ್ದು ಅದನ್ನೇ.

ಕೋಳಿಯ ಕೊಬ್ಬು ಹೆಚ್ಚಾಗಿ ಇರುವುದು ಚರ್ಮದಲ್ಲಿ, ಅದರ ಕೆಳಗೆ. ಅಂಗಡಿಯಲ್ಲಿ ಸ್ಕಿನ್‌ಲೆಸ್ ಕೊಡಿ ಅನ್ನು, ಉಳಿದ ಹಳದಿ ಕೊಬ್ಬನ್ನು ಮನೆಯಲ್ಲಿ ನೀನೇ ಕಿತ್ತು ಹಾಕು. ಚರ್ಮ ತೆಗೆದು ಬೇಯಿಸಿದ ಎದೆ ಮಾಂಸದಲ್ಲಿ 100 ಗ್ರಾಂಗೆ ಸುಮಾರು 30 ಗ್ರಾಂ ಪ್ರೋಟೀನ್ ಇರುತ್ತದೆ, ಕೊಬ್ಬು 4 ಗ್ರಾಂ ಕೂಡ ಇರಲ್ಲ. ಹಾಗಂತ ಬರೀ ಎದೆ ತರಬೇಡ, ಮೂಳೆ ಇಲ್ಲದ ಸಾರು ಸಾರೇ ಅಲ್ಲ.

ಅರ್ಧ ಕೆಜಿಗೆ ಎರಡು ಟೀ ಚಮಚ ಎಣ್ಣೆ ಸಾಕು. ಅದರಲ್ಲಿ ಒಂದು ಈರುಳ್ಳಿ ಬಾಡಿಸಿ, ಕೋಳಿ, ಅರಿಶಿನ, ಉಪ್ಪು ಹಾಕಿ, ಒಂದು ತೊಟ್ಟೂ ನೀರು ಹಾಕದೆ ಮುಚ್ಚಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬಿಡು. ಕೋಳಿ ತಾನೇ ನೀರು ಬಿಡುತ್ತದೆ, ಹಾಗಾಗಿ ತಳ ಹಿಡಿದೀತು ಅಂತ ಹೆದರಿ ಇನ್ನಷ್ಟು ಎಣ್ಣೆ ಸುರಿಯುವ ಅಗತ್ಯವೇ ಇಲ್ಲ. ಅಷ್ಟರಲ್ಲಿ ಎರಡು ಹಿಡಿ ಕೊತ್ತಂಬರಿ ಸೊಪ್ಪು, ಒಂದು ಹಿಡಿ ಪುದೀನ, ನಾಲ್ಕು ಹಸಿಮೆಣಸಿನಕಾಯಿ, ಶುಂಠಿ, ಏಳೆಂಟು ಎಸಳು ಬೆಳ್ಳುಳ್ಳಿ, ಚೂರು ಚಕ್ಕೆ, ಎರಡು ಲವಂಗ, ಹತ್ತು ಕಾಳು ಮೆಣಸು ರುಬ್ಬಿಕೋ. ಕಾಯಿ ತುರಿ ಎರಡೇ ಚಮಚ ಹಾಕು. ಗಟ್ಟಿ ಬರಲು ಒಂದು ಚಮಚ ಹುರಿಗಡಲೆ ಸೇರಿಸು, ಅರ್ಧ ಹೋಳು ಕಾಯಿ ಹಾಕಿದಷ್ಟೇ ಮಂದ ಬರುತ್ತದೆ. ಮಸಾಲೆ ಹಾಕಿ, ಬಿಸಿನೀರು ಎರಡು ಲೋಟ ಬಿಟ್ಟು, ಇನ್ನೊಂದು ಇಪ್ಪತ್ತು ನಿಮಿಷ ಕುದಿಸು. ನಾಟಿ ಕೋಳಿಯಾದರೆ ಕುಕ್ಕರಿನಲ್ಲಿ ಐದಾರು ಕೂಗು ಬೇಕು, ಅದರ ಮಾಂಸ ಗಟ್ಟಿ. ಕೊನೆಗೆ ಅರ್ಧ ನಿಂಬೆಹಣ್ಣು ಹಿಂಡಿದರೆ ಉಪ್ಪು ಕಡಿಮೆ ಇದ್ದದ್ದೂ ಗೊತ್ತಾಗಲ್ಲ.

ಇನ್ನೊಂದು ವಿಷಯ. ಅಮ್ಮ ಶನಿವಾರ ರಾತ್ರಿಯೇ ಸಾರು ಮಾಡಿ, ಆರಿದ ಮೇಲೆ ಫ್ರಿಜ್ಜಿನಲ್ಲಿ ಇಡುತ್ತಾಳೆ. ಬೆಳಿಗ್ಗೆ ಮೇಲೆ ಬಿಳಿ ಕೆನೆಯ ಹಾಗೆ ಕೊಬ್ಬು ಕಟ್ಟಿರುತ್ತದೆ. ಚಮಚದಲ್ಲಿ ಎತ್ತಿ ಬಿಸಾಡಿ, ಚೆನ್ನಾಗಿ ಕುದಿಸಿ ಬಡಿಸುತ್ತಾಳೆ. ಮೊದಲ ಸಲ ಅದನ್ನು ನೋಡಿದಾಗ ನನಗೆ ಹೊಟ್ಟೆಯೊಳಗೆ ಒಂಥರಾ ಆಯಿತು, ಇಷ್ಟು ವರ್ಷ ಅಪ್ಪ ಇದನ್ನೆಲ್ಲ ತಿಂದರಲ್ಲ ಅಂತ. ಈಗ ಅಪ್ಪ ಒಂದು ಮುದ್ದೆ, ಎರಡು ಪೀಸು, ಬಟ್ಟಲು ತುಂಬ ಸಾರು, ಪಕ್ಕದಲ್ಲಿ ಸೌತೆಕಾಯಿ ಇಟ್ಟುಕೊಂಡು ಖುಷಿಯಾಗಿ ಊಟ ಮಾಡುತ್ತಾರೆ.

ಭಾನುವಾರ ಬಾ. ಕೋಳಿ ನೀನು ತಾ, ಸ್ಕಿನ್‌ಲೆಸ್, ಮರೆಯಬೇಡ. ಮುದ್ದೆ ನಾನು ತೊಳಸುತ್ತೇನೆ.

ಇಂತಿ ನಿನ್ನ ಗೆಳೆಯ